ಅಪ್ಪನ ಹಳೇ ಪೂಲ್ ಕ್ಯೂಗೆ ಬೆಲೆ ಕಟ್ಟುವುದು ಹೇಗೆ?

ಮಾಟುಂಗದಲ್ಲಿ ನಾನು ದಿನಾ ಕಾಫಿ ಕುಡಿಯುವ ಹೋಟೆಲಿನ ಗಲ್ಲಾದಲ್ಲಿ ಒಬ್ಬ ಹುಡುಗ ಕೂರುತ್ತಾನೆ. ಉಡುಪಿ ಕಡೆಯವನು, ಮಾಲೀಕರ ಮಗ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಉದ್ದನೆಯ ರೆಕ್ಸಿನ್ ಚೀಲವೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟ. "ಮಾಮ, ಇದು ಅಪ್ಪನದು. ಲಾಫ್ಟ್‌ನಲ್ಲಿತ್ತು. ಮಾರಿದರೆ ಎಷ್ಟು ಬರಬಹುದು?" ಅಂದ.

ಒಳಗೆ ಎರಡು ತುಂಡಿನ ಪೂಲ್ ಕ್ಯೂ ಇತ್ತು, ಅಂದರೆ ಮೇಜಿನ ಮೇಲೆ ಚೆಂಡು ಹೊಡೆದು ಆಡುವ ಪೂಲ್ ಆಟದ ಕೋಲು. ಹಡಗಿನಲ್ಲಿ ಕೆಲಸಕ್ಕಿದ್ದ ಅವನ ಸೋದರಮಾವ 1980ರ ದಶಕದಲ್ಲಿ ಅಮೆರಿಕದ ಯಾವುದೋ ಬಂದರಿನಿಂದ ತಂದುಕೊಟ್ಟದ್ದು. ಚೋರ್ ಬಜಾರಿನಲ್ಲಿ ಒಬ್ಬರು ಅದಕ್ಕೆ 800 ರೂಪಾಯಿ ಅಂದಿದ್ದರಂತೆ. ಫೋನಿನಲ್ಲಿ ಹುಡುಕಿ ನೋಡಿದ ಗೆಳೆಯ ಒಂದೂವರೆ ಲಕ್ಷ ಅಂದಿದ್ದನಂತೆ. ಯಾರನ್ನು ನಂಬಬೇಕು ಅಂತ ಹುಡುಗನಿಗೆ ತಿಳಿಯಲಿಲ್ಲ.

ಅವತ್ತು ಆ ಮಾರ್ಬಲ್ ಮೇಜಿನ ಮೇಲೇ ನಾವಿಬ್ಬರೂ ಲೆಕ್ಕ ಹಾಕಿದೆವು. ಅದೇ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಂಬಯಿಯಲ್ಲಿ ನಮ್ಮವರ ಎಷ್ಟೋ ಮನೆಗಳಲ್ಲಿ ಇಂಥ ಕ್ಯೂಗಳಿವೆ. ಗಲ್ಫ್‌ನಿಂದ ಬಂದದ್ದು, ಹಡಗಿನವರು ತಂದದ್ದು, ಜಿಮ್‌ಖಾನಾದ ಸದಸ್ಯರೊಬ್ಬರು ಊರಿಗೆ ಹೋಗುವಾಗ ಕೊಟ್ಟು ಹೋದದ್ದು. ಮನೆ ಖಾಲಿ ಮಾಡುವಾಗ ಇವೆಲ್ಲ ಸುಮ್ನೆ ಗುಜರಿಯವನ ಪಾಲಾಗುತ್ತವೆ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮೊದಲು ಒಂದು ಮಾತು ತಿಳಿದಿರಲಿ. ಯಾವುದೇ ಹಳೇ ಕ್ಯೂಗೆ ಮೂರು ಬೆಲೆ ಇರುತ್ತವೆ. ಗೋಡೆಗೆ ನೇತುಹಾಕಲು ಕೊಳ್ಳುವವರ ಬೆಲೆ ಒಂದು. ಆಡಲು ಕೊಳ್ಳುವವರ ಬೆಲೆ ಇನ್ನೊಂದು. ಸಂಗ್ರಹಕ್ಕೆ ಕೊಳ್ಳುವವರ ಬೆಲೆ ಮತ್ತೊಂದು. ಚೋರ್ ಬಜಾರಿನವರು ಹೇಳಿದ್ದು ಮೊದಲನೆಯದು. ಗೆಳೆಯ ಹೇಳಿದ್ದು ಮೂರನೆಯದು, ಅದೂ ಬೇರೊಂದು ಕ್ಯೂನದು. ನಿಮ್ಮ ಕ್ಯೂ ಯಾರ ಕೈ ಸೇರಬೇಕಾದದ್ದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಕೆಳಗಿನ ಎಲ್ಲ ಹೆಜ್ಜೆಗಳೂ ಇದನ್ನು ತಿಳಿಯುವುದಕ್ಕೇ.

1. ಏನನ್ನೂ ಉಜ್ಜಬೇಡಿ

ಹಳೇ ವಸ್ತು ಕೈಗೆ ಸಿಕ್ಕ ಕೂಡಲೇ ಹೊಳಪು ಕೊಡೋಣ ಅನಿಸುತ್ತದೆ ಅಲ್ವಾ? ದಯವಿಟ್ಟು ಬೇಡ. ನಾನು ಇಪ್ಪತ್ತೈದು ವರ್ಷದ ಹಿಂದೆ ಇದೇ ತಪ್ಪು ಮಾಡಿದೆ. ಕ್ಲಬ್ಬಿನಲ್ಲಿ ಆಟದ ಅಂಕಗಳ ಲೆಕ್ಕ ಇಡುವ ವಯಸ್ಸಾದ ಮಾರ್ಕರ್ ಒಬ್ಬರು ಪ್ರೀತಿಯಿಂದ ಒಂದು ಹಳೇ ಇಂಗ್ಲಿಷ್ ಕ್ಯೂ ಕೊಟ್ಟಿದ್ದರು. ನಮ್ಮ ಕಟ್ಟಡದಲ್ಲಿ ಬಾಗಿಲುಗಳಿಗೆ ಪಾಲಿಶ್ ಮಾಡಲು ಬಂದಿದ್ದ ಕೆಲಸಗಾರನ ಕೈಗೆ ಅದನ್ನೂ ಕೊಟ್ಟೆ. ಅವನು ಶ್ರದ್ಧೆಯಿಂದಲೇ ಕೆಲಸ ಮಾಡಿದ. ಮರಳು ಕಾಗದದಲ್ಲಿ ಉಜ್ಜಿದ, ದಪ್ಪ ವಾರ್ನಿಶ್ ಬಳಿದ. ಹಿಡಿಯ ಮೇಲಿದ್ದ ತಯಾರಕರ ಪುಟ್ಟ ಫಲಕದ ಅಕ್ಷರಗಳು ಅಳಿಸಿಹೋದವು. ಆ ಕ್ಯೂ ಯಾರು ಮಾಡಿದ್ದು ಅಂತ ಇವತ್ತಿಗೂ ನನಗೆ ತಿಳಿದಿಲ್ಲ. ಇನ್ನು ತಿಳಿಯುವ ದಾರಿಯೂ ಇಲ್ಲ.

ಒಣ ಬಟ್ಟೆಯಿಂದ ಧೂಳು ಒರೆಸಿ. ಅಷ್ಟು ಸಾಕು. ನೀರು, ಎಣ್ಣೆ, ಸ್ಪಿರಿಟ್ ಯಾವುದೂ ಬೇಡ. ಶಾಫ್ಟ್‌ನ, ಅಂದರೆ ಕ್ಯೂನ ತೆಳು ಮುಂಭಾಗದ, ತುದಿಯಲ್ಲಿ ಚಾಕ್‌ನ ನೀಲಿ ಬಣ್ಣ ಹತ್ತಿದ್ದರೆ ಅದು ದೋಷವೇ ಅಲ್ಲ. ಆಡಿದ ಕ್ಯೂ ಹಾಗೇ ಇರುತ್ತದೆ. ಈಗಲೇ ಹಗಲು ಬೆಳಕಿನಲ್ಲಿ ಹತ್ತು ಹನ್ನೆರಡು ಫೋಟೊ ತೆಗೆದಿಡಿ. ಇಡೀ ಕ್ಯೂ, ಚೆಂಡಿಗೆ ತಗಲುವ ತುದಿಯ ಟಿಪ್, ಎರಡು ತುಂಡು ಸೇರುವ ಜಾಯಿಂಟ್‌ನ ಎರಡೂ ಮುಖ, ಹಿಡಿಗೆ ಸುತ್ತಿದ ದಾರ ಅಥವಾ ಚರ್ಮದ ಸುತ್ತು, ಕೆಳಗಿನ ರಬ್ಬರ್, ಏನಾದರೂ ಬರಹವಿದ್ದರೆ ಅದು.

2. ಇದು ನಿಜಕ್ಕೂ ಪೂಲ್ ಕ್ಯೂ ಹೌದಾ?

ನಮ್ಮ ದೇಶದಲ್ಲಿ ಇದನ್ನು ಕೇಳಲೇಬೇಕು. ಸ್ನೂಕರ್ ಹುಟ್ಟಿದ್ದೇ ಇಲ್ಲಿ. 1875ರಲ್ಲಿ ಜಬಲ್ಪುರದ ಸೈನಿಕ ಮೆಸ್‌ನಲ್ಲಿ ಶುರುವಾಯಿತು, ಆಮೇಲೆ ಊಟಿಯ ಕ್ಲಬ್ಬಿನಲ್ಲಿ ನಿಯಮ ಪಡೆಯಿತು. ಹಾಗಾಗಿ ಹಳೇ ಕ್ಲಬ್ಬುಗಳಿಂದ ಬಂದ ಕ್ಯೂಗಳಲ್ಲಿ ಹೆಚ್ಚಿನವು ಬಿಲಿಯರ್ಡ್ಸ್ ಅಥವಾ ಸ್ನೂಕರ್‌ನವು.

ಗುರುತಿಸುವುದು ಸುಲಭ. ಪೂಲ್ ಕ್ಯೂನ ಟಿಪ್ ದಪ್ಪ, ಸಾಮಾನ್ಯವಾಗಿ 12.5ರಿಂದ 13 ಮಿಲಿಮೀಟರ್. ಶಾಫ್ಟ್ ಮೇಪಲ್ ಮರದ್ದು, ನುಣುಪಾಗಿ ಬಿಳಿಚಿಕೊಂಡಂತೆ ಕಾಣುತ್ತದೆ. ಕ್ಯೂ ಸರಿಯಾಗಿ ನಡುವಿಗೆ ಬಿಚ್ಚಿಕೊಳ್ಳುತ್ತದೆ. ಸ್ನೂಕರ್ ಕ್ಯೂನ ಟಿಪ್ 9ರಿಂದ 10 ಮಿಲಿಮೀಟರ್ ಅಷ್ಟೇ. ಶಾಫ್ಟ್ ಹೆಚ್ಚಾಗಿ ಆ್ಯಶ್ ಮರದ್ದು, ಅದರ ಮೇಲೆ ಬಾಣದ ತುದಿಯಂಥ ಗೆರೆಗಳು ಎದ್ದು ಕಾಣುತ್ತವೆ. ಒಂದೋ ಇಡೀ ಒಂದೇ ಕೋಲು, ಇಲ್ಲವೇ ಹಿಡಿಯ ಹತ್ತಿರ ಮುಕ್ಕಾಲಿಗೆ ಬಿಚ್ಚುವಂಥದ್ದು. ತುದಿಯಲ್ಲಿ ಹಿತ್ತಾಳೆಯ ಉಂಗುರ. ಥರ್ಸ್ಟನ್, ಬರೋಸ್ ಅಂಡ್ ವಾಟ್ಸ್, ರೈಲಿ, ಪೆರಡಾನ್ ಇವೆಲ್ಲ ಇಂಗ್ಲೆಂಡಿನ ಹಳೇ ಹೆಸರುಗಳು. ಇವುಗಳ ಸಂಗ್ರಹಗಾರರೂ ಬೇರೆ, ಬೆಲೆಯ ಲೆಕ್ಕವೂ ಬೇರೆ. ಈ ಲೇಖನ ಪೂಲ್ ಕ್ಯೂ ಬಗ್ಗೆ. ಆದರೂ ಕೆಳಗಿನ ಪರೀಕ್ಷೆಗಳಲ್ಲಿ ಮುಕ್ಕಾಲು ಪಾಲು ಎರಡಕ್ಕೂ ನಡೆಯುತ್ತವೆ.

3. ಮೇಲಿರುವ ಹೆಸರು ಯಾರದು?

ಬರಹ ಎಲ್ಲೆಲ್ಲೋ ಅಡಗಿರುತ್ತದೆ. ಹಿಡಿಯ ಕೆಳತುದಿ, ಸುತ್ತಿನ ಮೇಲಿನ ಭಾಗ, ಜಾಯಿಂಟ್‌ನ ಉಂಗುರ, ಕೆಳಗಿನ ರಬ್ಬರ್ ಬಂಪರ್ ಎಲ್ಲ ನೋಡಿ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಅಳಿಸಿದ ಅಕ್ಷರದ ತಗ್ಗು ಕಾಣುತ್ತದೆ. ಹುಡುಗನ ಕ್ಯೂನಲ್ಲಿ ನಮಗೆ ಹೆಸರು ಸಿಕ್ಕಿದ್ದು ಹೀಗೇ.

ಹೆಸರು ಸಿಕ್ಕ ಮೇಲೆ ಅದು ತಯಾರಕರದ್ದೋ ಆಟಗಾರರದ್ದೋ ನೋಡಿ. ಇಲ್ಲಿ ಬಹಳ ಜನ ಎಡವುತ್ತಾರೆ. ಮಿನೆಸೋಟ ಫ್ಯಾಟ್ಸ್‌ನಂಥ ಪ್ರಸಿದ್ಧ ಆಟಗಾರರ ಹೆಸರಿನಲ್ಲಿ ಅಮೆರಿಕದ ಸಾಮಾನ್ಯ ಅಂಗಡಿಗಳಲ್ಲಿ ಲೆಕ್ಕವಿಲ್ಲದಷ್ಟು ಅಗ್ಗದ ಕ್ಯೂಗಳು ಮಾರಾಟವಾಗಿವೆ. ಹೆಸರು ದೊಡ್ಡದು, ಕ್ಯೂ ಸಾಧಾರಣದ್ದು. ಆದರೆ ಅಮೆರಿಕದ ಹಳೇ ಬಿಲಿಯರ್ಡ್ಸ್ ಚಾಂಪಿಯನ್ ವಿಲ್ಲಿ ಹೊಪ್ಪೆ ಹೆಸರು ಬರೆದಿದ್ದರೆ ನಿಧಾನಿಸಿ. ಅದು 1845ರಲ್ಲಿ ಶುರುವಾದ ಬ್ರನ್ಸ್‌ವಿಕ್ ಕಂಪನಿಯ ಹಳೇ ಸರಣಿ. ಅದರ ಒಳ್ಳೇ ಪ್ರತಿಗಳಿಗೆ ಕೊಳ್ಳುವವರಿದ್ದಾರೆ.

ತಯಾರಕರಲ್ಲಿ ಎರಡು ಗುಂಪು. ಕಾರ್ಖಾನೆಯವರು ಒಂದು ಕಡೆ: ವೈಕಿಂಗ್, ಜಾಸ್, ಮೆಕ್‌ಡರ್ಮಟ್, ಮ್ಯೂಚಿ, ಜಪಾನಿನ ಆಡಮ್. ಕೈಯಲ್ಲಿ ಒಂದೊಂದೇ ಮಾಡುವವರು ಇನ್ನೊಂದು ಕಡೆ. ಇವರಲ್ಲಿ ಎಲ್ಲರೂ ಹೇಳುವ ಹೆಸರು ಜಾರ್ಜ್ ಬಲಬುಷ್ಕ. ರಷ್ಯಾದಲ್ಲಿ ಹುಟ್ಟಿ ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಬಂದವರು. 1959ರಿಂದ 1975ರಲ್ಲಿ ತೀರಿಕೊಳ್ಳುವವರೆಗೆ ಕ್ಯೂ ಮಾಡಿದರು. ಗಸ್ ಜಾಂಬೋಟಿ, ಹರ್ಮನ್ ರಾಂಬೋ ಇನ್ನಿಬ್ಬರು. ಇವರ ಅಸಲಿ ಕ್ಯೂಗಳಿಗೆ ಬಹಳ ದೊಡ್ಡ ಬೆಲೆ ಬರುತ್ತದೆ. ಅದಕ್ಕೇ ನಕಲಿಗಳೂ ಜಾಸ್ತಿ. ಬಲಬುಷ್ಕ ಹೆಸರನ್ನು ಪರವಾನಗಿ ಪಡೆದು ಅವರ ನಂತರ ಕಾರ್ಖಾನೆಯಲ್ಲಿ ತಯಾರಿಸಿದ ಕ್ಯೂಗಳೂ ಇವೆ. ಅವು ನಕಲಿಯಲ್ಲ, ಆದರೆ ಅವರ ಕೈಯಿಂದ ಬಂದವೂ ಅಲ್ಲ. ಹುಡುಗನ ಗೆಳೆಯ ಒಂದೂವರೆ ಲಕ್ಷ ಅಂದದ್ದು ಇಂಥದೇ ಗೊಂದಲದಿಂದ. ನೋಡಲು ಒಂದೇ ಥರದ ಕ್ಯೂನ ಫೋಟೊ ನೋಡಿದ್ದ, ಮಾಡಿದವರು ಬೇರೆ.

ಹೆಸರೇ ಇಲ್ಲದಿದ್ದರೆ ಬೇಜಾರಾಗಬೇಡಿ. ಕೈಯಲ್ಲಿ ಮಾಡುತ್ತಿದ್ದ ಕೆಲವರು ಹೆಸರು ಹಾಕುತ್ತಲೇ ಇರಲಿಲ್ಲ. ಬ್ರನ್ಸ್‌ವಿಕ್‌ನ ಟೈಟ್ಲಿಸ್ಟ್ ಅನ್ನುವ ಒಂದೇ ತುಂಡಿನ ಹಳೇ ಕ್ಯೂಗಳು ಪೂಲ್ ಹಾಲ್‌ಗಳ ಗೋಡೆಯಲ್ಲಿ ಸಾಲಾಗಿ ನಿಲ್ಲಿಸಿರುತ್ತಿದ್ದ ಸಾಮಾನ್ಯ ಕೋಲುಗಳು. ದೊಡ್ಡ ದೊಡ್ಡ ಕುಶಲಕರ್ಮಿಗಳು ಅವನ್ನೇ ಕತ್ತರಿಸಿ, ಜಾಯಿಂಟ್ ಹಾಕಿ ಎರಡು ತುಂಡಿನ ಕ್ಯೂ ಮಾಡಿದರು. ಹೀಗಾಗಿ ಸಾಧಾರಣವಾಗಿ ಕಂಡ ಆ ಕೋಲಿಗೂ ಈಗ ಕಚ್ಚಾ ಮರವಾಗಿಯೇ ಬೇಡಿಕೆ ಇದೆ.

4. ಕೂಡಿಸಿದ್ದೋ ಅಂಟಿಸಿದ್ದೋ?

ಹಿಡಿಯ ಮೇಲ್ಭಾಗದಲ್ಲಿ ಚೂಪಾದ ತ್ರಿಕೋನಗಳು ಕಾಣುತ್ತವಲ್ಲ, ಅವನ್ನು ಪಾಯಿಂಟ್ ಅನ್ನುತ್ತಾರೆ. ಅಸಲಿ ಪಾಯಿಂಟ್ ಅಂದರೆ ಎರಡು ಮರಗಳನ್ನು ಕೊರೆದು ಒಂದರೊಳಗೊಂದು ಕೂರಿಸಿದ್ದು. ಮೈಸೂರಿನ ಬೀಟೆ ಮರದ ಇನ್‌ಲೇ ಚಿತ್ರ ನೋಡಿದ್ದೀರಲ್ಲ, ಒಂದು ಮರದ ಮಡಿಲಲ್ಲಿ ಇನ್ನೊಂದು ಮರ ಕೂತಿರುತ್ತದೆ. ಹಾಗೆ.

ಅಗ್ಗದ ಕ್ಯೂಗಳಲ್ಲಿ ಇದು ಬರೀ ಮುದ್ರಿಸಿದ ಹಾಳೆ. ಮೇಲೆ ಪಾರದರ್ಶಕ ಲೇಪ. ಮೇಜಿನ ಆ ತುದಿಯಿಂದ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಭೂತಗನ್ನಡಿ ಹಿಡಿಯಿರಿ, ಇಲ್ಲವೇ ಫೋನ್ ಕ್ಯಾಮೆರಾದಲ್ಲಿ ಹತ್ತಿರದ ಫೋಟೊ ತೆಗೆದು ದೊಡ್ಡದು ಮಾಡಿ. ಚಿತ್ರ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದರೆ ಅದು ಮುದ್ರಣ. ಮರದ ಎಳೆ ಗಡಿಯ ಹತ್ತಿರ ದಿಕ್ಕು ಬದಲಿಸಿದರೆ, ಕೂದಲಷ್ಟು ತೆಳುವಾದ ಅಂಟಿನ ಗೆರೆ ಕಂಡರೆ, ಅದು ಅಸಲಿ. ನಾಲ್ಕು ಪಾಯಿಂಟ್‌ಗಳ ಎತ್ತರ ಒಂದಿಷ್ಟು ಹೆಚ್ಚುಕಮ್ಮಿ ಇರುವುದು ಕೈಕೆಲಸದ ಕ್ಯೂನಲ್ಲಿ ಸಹಜ. ತುದಿಗಳು ಕೊಂಚ ದುಂಡಗಿದ್ದರೆ ಯಂತ್ರ ಕೊರೆದು ಕೂರಿಸಿದ್ದು ಅಂತ ಅನುಮಾನಿಸಬಹುದು. ಮುದ್ರಿಸಿದ ಕ್ಯೂ ಎಷ್ಟೇ ಹಳೆಯದಾಗಿರಲಿ, ಅದು ಮೊದಲ ಬೆಲೆಯದ್ದೇ. ಉಳಿದ ಹೆಜ್ಜೆಗಳ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ.

5. ನೆಟ್ಟಗಿದೆಯಾ?

ಇದಕ್ಕೆ ಸಮಯ ಕೊಡಿ. ಬೆಲೆ ನಿಲ್ಲುವುದೂ ಬೀಳುವುದೂ ಇಲ್ಲೇ.

ಉರುಳಿಸಲು ಸಪಾಟಾದ ಜಾಗ ಬೇಕು. ಪೂಲ್ ಟೇಬಲ್ ಸಿಕ್ಕರೆ ಒಳ್ಳೇದು. ಇಲ್ಲದಿದ್ದರೆ ಗ್ರಾನೈಟ್ ಕಟ್ಟೆ, ದಪ್ಪ ಗಾಜಿನ ಮೇಜು ಆಗುತ್ತದೆ. ನಮಗೆ ಹೋಟೆಲಿನ ಮಾರ್ಬಲ್ ಮೇಜು ಸಿಕ್ಕಿತು. ಮೂರು ಸಲ ಉರುಳಿಸಬೇಕು: ಶಾಫ್ಟ್ ಒಂದನ್ನೇ, ಬಟ್ (ಹಿಡಿ ಇರುವ ದಪ್ಪ ತುಂಡು) ಒಂದನ್ನೇ, ಕೊನೆಗೆ ಎರಡನ್ನೂ ಸೇರಿಸಿ. ಉರುಳುವಾಗ ಕೋಲಿನ ಕೆಳಗಿನ ಬೆಳಕಿನ ಸಂದಿಯನ್ನು ನೋಡಿ. ಸಂದಿ ಒಂದೇ ಸಮ ಇದ್ದರೆ ನೆಟ್ಟಗಿದೆ. ಕ್ಯೂ ಒಂದು ಕಡೆ ಸಣ್ಣದಾಗುತ್ತ ಹೋಗುವುದರಿಂದ ಸಂದಿ ಇದ್ದೇ ಇರುತ್ತದೆ, ಅದು ತಪ್ಪಲ್ಲ. ಸಂದಿ ಅಗಲವಾಗಿ ಮತ್ತೆ ಚಿಕ್ಕದಾಗಿ, ಮತ್ತೆ ಅಗಲವಾಗುತ್ತಿದ್ದರೆ ಡೊಂಕಿದೆ ಅಂತ.

ಮೂರು ಸಲ ಉರುಳಿಸುವುದು ಯಾಕೆ ಅಂದರೆ, ಡೊಂಕು ಎಲ್ಲಿದೆ ಅನ್ನುವುದರ ಮೇಲೆ ನಷ್ಟ ಎಷ್ಟು ಅನ್ನುವುದು ನಿಂತಿದೆ. ಶಾಫ್ಟ್ ಡೊಂಕಾಗಿದ್ದರೆ ಶಾಫ್ಟ್ ಬದಲಿಸಬಹುದು, ಆ ಖರ್ಚಿನಷ್ಟು ಬೆಲೆ ಇಳಿಯುತ್ತದೆ. ಬಟ್ ಡೊಂಕಾಗಿದ್ದರೆ ಹೆಚ್ಚುಕಮ್ಮಿ ಎಲ್ಲ ಹೋದ ಹಾಗೆ. ಕ್ಯೂನ ಕಲೆ, ಹೆಸರು, ಒಳ್ಳೇ ಮರ ಎಲ್ಲ ಇರುವುದು ಬಟ್‌ನಲ್ಲೇ. ಇನ್ನು ಎರಡೂ ಬೇರೆಬೇರೆಯಾಗಿ ನೆಟ್ಟಗಿದ್ದು ಸೇರಿಸಿದಾಗ ಮಾತ್ರ ಕುಣಿದರೆ, ಜಾಯಿಂಟ್‌ನ ಮುಖ ನೋಡಿ. ಎಷ್ಟೋ ಸಲ ಅಲ್ಲಿ ಹಳೇ ಮೇಣ, ಕೊಳೆ ಗಟ್ಟಿಯಾಗಿ ಕೂತಿರುತ್ತದೆ. ಹಲ್ಲುಜ್ಜುವ ಒಣ ಬ್ರಷ್‌ನಿಂದ ತೆಗೆದು ಇನ್ನೊಮ್ಮೆ ನೋಡಿ.

ನಮ್ಮ ಊರಿನ ಹವೆಯ ವಿಷಯವೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯಲ್ಲಿ ಮರ ಸುಮ್ನೆ ನೀರು ಕುಡಿಯುತ್ತದೆ. ಬಾಗಿಲುಗಳೇ ಉಬ್ಬಿ ಹಾಕಲು ಬರುವುದಿಲ್ಲ, ಇನ್ನು ಬೆರಳು ದಪ್ಪದ ಶಾಫ್ಟ್ ಕೇಳಬೇಕೆ? ಮಳೆಗಾಲದಲ್ಲಿ ಲಾಫ್ಟ್‌ನಿಂದ ಇಳಿಸಿದ ದಿನವೇ ತೀರ್ಮಾನ ಮಾಡಬೇಡಿ. ಒಣಗಿದ ಕೋಣೆಯಲ್ಲಿ ಹಾಸಿಗೆಯ ಮೇಲೆ ಅಡ್ಡಲಾಗಿ ಒಂದು ವಾರ ಮಲಗಿಸಿ. ಆಮೇಲೆ ಮತ್ತೆ ಉರುಳಿಸಿ. ಬಿಸಿಲಿಗೆ ಇಡಬೇಡಿ, ಗೋಡೆಗೆ ಒರಗಿಸಿ ನಿಲ್ಲಿಸಬೇಡಿ, ಅಡುಗೆಮನೆಯ ಹತ್ತಿರವಂತೂ ಬೇಡವೇ ಬೇಡ. ಹುಡುಗ ಅದನ್ನು ಇಡ್ಲಿ ಪಾತ್ರೆಗಳ ಹಿಂದಿನ ಗೋಡೆಗೆ ಒರಗಿಸಿದ್ದ. ಅದನ್ನು ನೋಡಿ ನಾನು ಓಡಿಹೋಗಿ ಎತ್ತಿಕೊಂಡೆ.

6. ಅಳತೆ, ತೂಕ, ಸದ್ದು

ಒಂದು ವರ್ನಿಯರ್ ಕ್ಯಾಲಿಪರ್ ಬೇಕು. ಕಟ್ಟಡದಲ್ಲಿ ಯಾರಾದರೂ ಇಂಜಿನಿಯರಿಂಗ್ ಓದುವ ಮಕ್ಕಳಿದ್ದರೆ ಅವರ ಹತ್ತಿರ ಸಿಗುತ್ತದೆ. ಟಿಪ್‌ನ ಹತ್ತಿರ ಶಾಫ್ಟ್ ಎಷ್ಟು ದಪ್ಪ ಅಂತ ಅಳೆಯಿರಿ. 13 ಮಿಲಿಮೀಟರ್‌ನಲ್ಲಿ ಹುಟ್ಟಿದ ಶಾಫ್ಟ್ ಈಗ 12.2ಕ್ಕೆ ಬಂದಿದ್ದರೆ ಯಾರೋ ಮತ್ತೆ ಮತ್ತೆ ಮರಳು ಕಾಗದ ಹಾಕಿದ್ದಾರೆ. ಹೋದ ಮರ ವಾಪಸ್ ಬರುವುದಿಲ್ಲ. ನೆಗ್ಗುಗಳು ಬೇರೆ ಮಾತು. ಬೆರಳಿಗೆ ತಗಲುವ ಸಣ್ಣ ತಗ್ಗನ್ನು ತಿಳಿದವರು ಒದ್ದೆ ಬಟ್ಟೆ ಮತ್ತು ಬಿಸಿಯಿಂದ ಎಬ್ಬಿಸುತ್ತಾರೆ. ನೀವು ಪ್ರಯತ್ನಿಸಬೇಡಿ. ಸುಮ್ನೆ ಎಣಿಸಿ ಬರೆದಿಡಿ.

ಫೆರಲ್‌ನಲ್ಲಿ, ಅಂದರೆ ಟಿಪ್‌ನ ಕೆಳಗಿನ ಬಿಳಿ ಕೊಳವೆಯಲ್ಲಿ, ಬಿರುಕಿದೆಯಾ ನೋಡಿ. ಟಿಪ್ ಸವೆದಿದ್ದರೆ ಚಿಂತೆ ಬೇಡ. ಅದು ಚಪ್ಪಲಿಯ ಅಟ್ಟೆ ಇದ್ದ ಹಾಗೆ, ಬದಲಿಸುವುದಕ್ಕೇ ಇರುವುದು.

ತೂಕಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ನಾವು ಕಾಫಿ ಪುಡಿ ತೂಗುವ ತಕ್ಕಡಿ ಬಳಸಿದೆವು. ಪೂಲ್ ಕ್ಯೂಗಳು 18ರಿಂದ 21 ಔನ್ಸ್ ಇರುತ್ತವೆ. ಗ್ರಾಂನಲ್ಲಿ ಸುಮಾರು 510ರಿಂದ 595. ಈಗಿನವರು 19 ಔನ್ಸ್ ಆಸುಪಾಸಿನದ್ದನ್ನು ಜಾಸ್ತಿ ಕೇಳುತ್ತಾರೆ, ಅಂದರೆ 539 ಗ್ರಾಂ. ಹುಡುಗನದ್ದು 541 ಬಂತು. ಒಳ್ಳೇ ಸುದ್ದಿ.

ಆಮೇಲೆ ಕ್ಯೂ ಸೇರಿಸಿ, ಕೆಳಗಿನ ರಬ್ಬರನ್ನು ನೆಲಕ್ಕೆ ಒಂದೆರಡು ಇಂಚು ಮೇಲಿಂದ ಮೆಲ್ಲಗೆ ಕುಟ್ಟಿ. ಒಂದೇ ಗಟ್ಟಿ ಸದ್ದು ಬರಬೇಕು. ಝರ್ರ್ ಅಂತ ನಡುಗಿದರೆ ಒಳಗಿನ ತೂಕದ ಬೋಲ್ಟ್ ಸಡಿಲ ಇರಬಹುದು, ಅಥವಾ ಎಲ್ಲೋ ಅಂಟು ಬಿಟ್ಟಿರಬಹುದು. ಬೋಲ್ಟ್ ಆದರೆ ಸಣ್ಣ ಕೆಲಸ. ಅಂಟು ಬಿಟ್ಟಿದ್ದರೆ ದೊಡ್ಡದು.

ಹಿಡಿಯ ಸುತ್ತು ಐರಿಷ್ ಲಿನನ್ ದಾರವೋ, ಚರ್ಮವೋ, ನೈಲಾನೋ ನೋಡಿ. ಬೆವರಿನಿಂದ ಕಪ್ಪಾಗಿದ್ದರೂ ಮೂಲದ ದಾರ ಇದ್ದರೆ ಸಂಗ್ರಹಗಾರರು ಸಂತೋಷಪಡುತ್ತಾರೆ. ಆಡುವವರು ಬದಲಿಸಿಕೊಳ್ಳುತ್ತಾರೆ.

ಇನ್ನು ಪಿನ್. ಎರಡು ತುಂಡುಗಳನ್ನು ಸೇರಿಸುವ ಈ ಸ್ಕ್ರೂ ಬಗ್ಗೆ ಹಳೇ ಕ್ಯೂ ಮಾರುವವರು ಯೋಚಿಸುವುದೇ ಇಲ್ಲ. ನನ್ನ ಮಟ್ಟಿಗೆ ಇವತ್ತಿನ ಬೆಲೆಯಲ್ಲಿ ಇದರ ಪಾತ್ರ ಬಹಳ ದೊಡ್ಡದು. 2016ರಲ್ಲಿ ಪ್ರೆಡೇಟರ್ ಕಂಪನಿ ಕಾರ್ಬನ್ ಫೈಬರ್ ಶಾಫ್ಟ್ ತಂದ ಮೇಲೆ ಆಟಗಾರರ ರುಚಿಯೇ ಬದಲಾಯಿತು. ಈಗ ಬಹಳ ಜನ ಹಳೇ ಸುಂದರ ಬಟ್ ಕೊಂಡು ಅದಕ್ಕೆ ಹೊಸ ಕಾರ್ಬನ್ ಶಾಫ್ಟ್ ಹಾಕಿಕೊಳ್ಳುತ್ತಾರೆ. ಅದು ಕೂರಬೇಕಾದರೆ ಪಿನ್ ಚಾಲ್ತಿಯಲ್ಲಿರುವ ಅಳತೆಯದ್ದಾಗಿರಬೇಕು. 5/16 ಇಂಚು ದಪ್ಪ ಇದ್ದು ಇಂಚಿಗೆ 14 ಮರೆ (ಸ್ಕ್ರೂವಿನ ಸುತ್ತುಗೆರೆ), 5/16 ದಪ್ಪಕ್ಕೆ 18 ಮರೆ, 3/8 ದಪ್ಪಕ್ಕೆ 10 ಮರೆ, ರೇಡಿಯಲ್, ಯೂನಿಲಾಕ್ ಇವು ಬಳಕೆಯಲ್ಲಿರುವ ಬಗೆಗಳು. ಕ್ಯಾಲಿಪರ್‌ನಿಂದ ಪಿನ್‌ನ ದಪ್ಪ ಅಳೆಯಿರಿ, ಒಂದು ಇಂಚಿನಲ್ಲಿ ಎಷ್ಟು ಮರೆ ಇವೆ ಎಣಿಸಿ. ಜಾಹೀರಾತಿನಲ್ಲಿ ಇದನ್ನು ಬರೆದರೆ, ತಿಳಿದವರು ಮಾರುತ್ತಿದ್ದಾರೆ ಅನ್ನುವ ನಂಬಿಕೆಯೂ ಬರುತ್ತದೆ.

7. ದಂತ ಇದ್ದರೆ ಅಲ್ಲಿಗೆ ನಿಲ್ಲಿಸಿ

ಹಿಂದಿನ ಕಾಲದ ದುಬಾರಿ ಕ್ಯೂಗಳಲ್ಲಿ ಫೆರಲ್, ಜಾಯಿಂಟ್, ಹಿಡಿಯ ಕೆಳಭಾಗ, ಕೆಲವೊಮ್ಮೆ ಹೆಸರಿನ ಫಲಕಕ್ಕೂ ಆನೆ ದಂತ ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದಕ್ಕೆ ಆಮೇಲೆ ಬಂದ ತಿದ್ದುಪಡಿಗಳ ಪ್ರಕಾರ ನಮ್ಮಲ್ಲಿ ದಂತದ ವ್ಯಾಪಾರ ಅಪರಾಧ. ಎಷ್ಟು ಹಳೆಯದು, ಎಲ್ಲಿಂದ ಬಂತು ಅನ್ನುವುದು ನೆಪವಾಗುವುದಿಲ್ಲ. ದಂತದ ಕತ್ತರಿಸಿದ ಮುಖದಲ್ಲಿ ಒಂದನ್ನೊಂದು ದಾಟುವ ಬಾಗಿದ ಗೆರೆಗಳು ಜಾಲರಿಯಂತೆ ಕಾಣುತ್ತವೆ. ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕೆಗಳಿರುತ್ತವೆ. ಪ್ಲಾಸ್ಟಿಕ್‌ನಲ್ಲಿ ಎರಡೂ ಇಲ್ಲ. ಅನುಮಾನ ಬಂದರೆ ಜಾಹೀರಾತು ಹಾಕಬೇಡಿ, ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಬಿಸಿ ಸೂಜಿ ಚುಚ್ಚಿ ನೋಡುವ ಕೆಲಸಕ್ಕೂ ಹೋಗಬೇಡಿ.

8. ಈಗ ಲೆಕ್ಕ

ಒಂದು ಕಾಗದ ತೆಗೆದುಕೊಳ್ಳಿ, ನಡುವೆ ಗೆರೆ ಎಳೆಯಿರಿ. ಎಡಗಡೆ ಸಂಗ್ರಹಿಸುವವರ ಲೆಕ್ಕ, ಬಲಗಡೆ ಆಡುವವರ ಲೆಕ್ಕ.

ಎಡಗಡೆಗೆ, ನಿಮ್ಮದೇ ಮಾದರಿಯ ಕ್ಯೂ ನಿಜವಾಗಿ ಎಷ್ಟಕ್ಕೆ ಮಾರಾಟವಾಯಿತು ಅಂತ ಬೇಕು. ಕೇಳುತ್ತಿರುವ ಬೆಲೆ ಬೇಡ. ಕೇಳುವುದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಯಾರು ಎಷ್ಟು ಬೇಕಾದರೂ ಕೇಳಬಹುದು. ಇಬೇಯ ಅಮೆರಿಕದ ತಾಣದಲ್ಲಿ ಮಾರಾಟವಾದವನ್ನು ಮಾತ್ರ ತೋರಿಸುವ ಆಯ್ಕೆ ಇದೆ. ಅದನ್ನು ಒತ್ತಿ. ಮಾದರಿ ತಿಳಿಯದಿದ್ದರೆ ತಯಾರಕರ ಹಳೇ ಕ್ಯಾಟಲಾಗ್ ಹುಡುಕಿ. ಕೆಲವು ಕಂಪನಿಗಳು ಹಳೇ ಮಾದರಿಗಳ ಚಿತ್ರಗಳನ್ನು ತಮ್ಮ ತಾಣದಲ್ಲೇ ಇಟ್ಟಿವೆ. ನಾಲ್ಕೈದು ಮಾರಾಟ ಸಿಕ್ಕರೆ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದದ್ದರ ಸರಾಸರಿ ಹಿಡಿಯಿರಿ.

ಬಲಗಡೆಗೆ, ಅದೇ ದರ್ಜೆಯ ಹೊಸ ಕ್ಯೂ ಇವತ್ತು ಭಾರತದ ಅಂಗಡಿಯಲ್ಲಿ ಎಷ್ಟಕ್ಕೆ ಸಿಗುತ್ತದೆ ನೋಡಿ. ಅದರ ಅರ್ಧ ಬರೆಯಿರಿ. ಒಳ್ಳೇ ಸ್ಥಿತಿಯ ಹಳೇ ಕ್ಯೂಗೆ ನಮ್ಮ ಕಡೆಯ ಆಟಗಾರರು ಅದಕ್ಕಿಂತ ಹೆಚ್ಚು ಕೊಡಲು ಹಿಂಜರಿಯುತ್ತಾರೆ. ಇದು ನಾನು ಕೊಂಡು, ಮಾರಿ ಕಂಡುಕೊಂಡ ಅಳತೆ. ನಮ್ಮಲ್ಲಿ ಸ್ನೂಕರ್ ಆಡುವವರೇ ಜಾಸ್ತಿ, ಪೂಲ್ ಕ್ಯೂ ಕೊಳ್ಳುವವರು ಕಡಿಮೆ ಅನ್ನುವುದೂ ಇದಕ್ಕೆ ಕಾರಣ.

ಆಮೇಲೆ ಎರಡೂ ಕಡೆಯಿಂದ ದೋಷಗಳ ಖರ್ಚು ಕಳೆಯಿರಿ. ಒಬ್ಬ ಕ್ಯೂ ರಿಪೇರಿಯವರಿಗೆ ಫೋಟೊ ಕಳಿಸಿ ಕೇಳಿದರೆ ಅಂದಾಜು ಸಿಗುತ್ತದೆ.

ಹುಡುಗನ ಕ್ಯೂನ ಲೆಕ್ಕವನ್ನೇ ಹೇಳುತ್ತೇನೆ. ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದರೆ ಆ ಹೆಸರಿನ ಎಲ್ಲ ಕ್ಯೂಗೂ ಇದೇ ಬೆಲೆ ಅಂದುಕೊಳ್ಳುವವರಿರುತ್ತಾರೆ. ಅಮೆರಿಕದ ಕಾರ್ಖಾನೆಯದ್ದು, ಪಾಯಿಂಟ್‌ಗಳು ಅಸಲಿ. ಬಟ್ ನೆಟ್ಟಗಿತ್ತು. ಶಾಫ್ಟ್ ಸ್ವಲ್ಪ ಡೊಂಕು, 12.4ಕ್ಕೆ ಸವೆದಿತ್ತು. ಮಾರಾಟವಾದ ಒಳ್ಳೇ ಪ್ರತಿಗಳ ಸರಾಸರಿ ನಮ್ಮ ಹಣದಲ್ಲಿ 24,000 ರೂಪಾಯಿ. ಅದೇ ದರ್ಜೆಯ ಹೊಸದು ಇಲ್ಲಿ 32,000. ಅರ್ಧ ಅಂದರೆ 16,000. ಶಾಫ್ಟ್‌ಗೆ 5,000, ಹಿಡಿಯ ಸುತ್ತು ಬದಲಿಸಲು 1,500, ಟಿಪ್ ಮತ್ತು ಸಣ್ಣಪುಟ್ಟದಕ್ಕೆ 800. ಒಟ್ಟು 7,300 ಕಳೆದೆವು. ಎಡಗಡೆ 16,700 ಉಳಿಯಿತು. ಬಲಗಡೆ 8,700.

ಇಷ್ಟು ಅಂತರ ಯಾಕೆ ಅಂತ ಹುಡುಗ ಕೇಳಿದ. ಅದು ತಪ್ಪಲ್ಲ. ಆ ಹಳೇ ಮಾದರಿಯೇ ಬೇಕು ಅನ್ನುವವರು ಸಿಕ್ಕರೆ ಮೇಲಿನ ಅಂಕಿ, ಆಡಲು ಏನಾದರೊಂದು ಬೇಕು ಅನ್ನುವವರು ಸಿಕ್ಕರೆ ಕೆಳಗಿನದು. ಮಾರುವವರು ಕಾಯಲು ತಯಾರಿದ್ದಾರಾ ಇಲ್ಲವಾ ಅನ್ನುವುದರ ಮೇಲೆ ನಡುವೆ ಎಲ್ಲೋ ಬೆಲೆ ನಿಲ್ಲುತ್ತದೆ. ನಾವು 15,000 ಕೇಳುವುದು, 11,000ಕ್ಕಿಂತ ಕೆಳಗೆ ಇಳಿಯದಿರುವುದು ಅಂತ ತೀರ್ಮಾನಿಸಿದೆವು.

ಮೂಲದ ಎರಡನೇ ಶಾಫ್ಟ್, ಕಂಪನಿಯ ಪೆಟ್ಟಿಗೆ, ಕೊಂಡಾಗಿನ ರಸೀದಿ ಇದ್ದರೆ ಇದಕ್ಕೆ ಸೇರಿಸಿ. ಕಥೆಗಳನ್ನು ಮಾತ್ರ ಸೇರಿಸಬೇಡಿ. ಮುಂಬಯಿಯ ಹಳೇ ಕ್ಯೂಗಳ ಬಗ್ಗೆ ವಿಲ್ಸನ್ ಜೋನ್ಸ್ ಇದರಲ್ಲಿ ಆಡಿದ್ದರು, ಬಿಲಿಯರ್ಡ್ಸ್ ದಿಗ್ಗಜ ಮೈಕೆಲ್ ಫೆರೇರಾ ಮುಟ್ಟಿದ್ದರು ಅನ್ನುವ ಮಾತು ಆಗಾಗ ಕೇಳಿಬರುತ್ತದೆ. 1958ರಲ್ಲೂ 1964ರಲ್ಲೂ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಗೆದ್ದ ಜೋನ್ಸ್ ಬಗ್ಗೆ ನನಗೆ ತುಂಬು ಗೌರವ. ಅದಕ್ಕೇ ಹೇಳುತ್ತೇನೆ, ಫೋಟೊನೋ ಪತ್ರವೋ ಇಲ್ಲದೆ ಅವರ ಹೆಸರು ಹೇಳಿ ಬೆಲೆ ಏರಿಸುವುದು ಸರಿಯಲ್ಲ.

9. ಯಾರಿಗೆ, ಹೇಗೆ

ಮೊದಲು ಕ್ಲಬ್ಬಿನ ಮಾರ್ಕರ್‌ಗಳನ್ನು ಕೇಳಿ. ಯಾರಿಗೆ ಏನು ಬೇಕು ಅಂತ ಅವರಿಗೆ ಗೊತ್ತಿರುವಷ್ಟು ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಮಾರಾಟವಾದರೆ ಅವರಿಗೊಂದು ಪಾಲು ಕೊಡಿ, ಅದು ನ್ಯಾಯ. ಪೂಲ್ ಪಾರ್ಲರ್‌ಗಳಲ್ಲಿ ದಿನಾ ಆಡುವವರಿಗೆ ತೋರಿಸಿ, ಕೈಗೆ ಕೊಟ್ಟು ಎರಡು ಹೊಡೆತ ಆಡಲು ಬಿಡಿ. ಆನ್‌ಲೈನ್ ಜಾಹೀರಾತಿನಲ್ಲಿ ದೋಷಗಳನ್ನು ಮೊದಲೇ ಬರೆಯಿರಿ. ದುಡ್ಡು ಕಳಿಸಲು ಈ ಕ್ಯೂಆರ್ ಸ್ಕ್ಯಾನ್ ಮಾಡಿ ಅಂತ ಯಾರಾದರೂ ಹೇಳಿದರೆ ಅಲ್ಲಿಗೆ ಮಾತು ನಿಲ್ಲಿಸಿ. ದುಡ್ಡು ಪಡೆಯುವುದಕ್ಕೆ ಸ್ಕ್ಯಾನ್ ಮಾಡುವ ಅಗತ್ಯವೇ ಇಲ್ಲ. ದೊಡ್ಡ ಕುಶಲಕರ್ಮಿಯ ಅಸಲಿ ಕ್ಯೂ ಅನಿಸಿದರೆ ಇಲ್ಲಿ ಮಾರಲು ಅವಸರ ಬೇಡ. ಅಮೆರಿಕದಲ್ಲಿ ಅಂಥದ್ದನ್ನೇ ಕೊಡುವ ಕೊಳ್ಳುವ ಪರಿಣತರಿಗೆ ಫೋಟೊ ಕಳಿಸಿ ಅಭಿಪ್ರಾಯ ಪಡೆಯಿರಿ.

ಹುಡುಗನ ಕ್ಯೂಗೆ ಆರು ವಾರದ ಮೇಲೆ ಬೆಂಗಳೂರಿನಿಂದ ಕರೆ ಬಂತು. ಅವರ ಹತ್ತಿರ ಆಗಲೇ ಕಾರ್ಬನ್ ಶಾಫ್ಟ್ ಇತ್ತಂತೆ. ಜಾಹೀರಾತಿನಲ್ಲಿ ಪಿನ್‌ನ ಅಳತೆ ನೋಡಿಯೇ ಕರೆ ಮಾಡಿದ್ದರು. ಡೊಂಕು ಶಾಫ್ಟ್ ಬಗ್ಗೆ ಅವರು ಕೇಳಲೇ ಇಲ್ಲ. 12,500ಕ್ಕೆ ಮಾತು ಮುಗಿಯಿತು. "ಆ ಹಳೇ ಶಾಫ್ಟ್ ನೀವೇ ಇಟ್ಟುಕೊಳ್ಳಿ, ನನಗೆ ಬೇಡ" ಅಂದರು. ಇಟ್ಟುಕೊಳ್ಳಬೇಡ, ಅದನ್ನೂ ಜೊತೆಗೇ ಕಳಿಸು ಅಂತ ನಾನು ಹುಡುಗನಿಗೆ ಹೇಳಿದೆ. ನಲವತ್ತು ವರ್ಷ ಜೊತೆಗಿದ್ದ ಬಟ್ಟನ್ನೂ ಶಾಫ್ಟನ್ನೂ ಬೇರೆ ಮಾಡಬಾರದು. ನಾಳೆ ಅವರು ಇನ್ನೊಬ್ಬರಿಗೆ ಕೊಡುವಾಗ ಆ ಮೂಲ ಶಾಫ್ಟ್ ಬೇಕಾಗುತ್ತದೆ.

ಕಳಿಸುವುದಕ್ಕೆ ಕೊಳಾಯಿ ಸಾಮಾನಿನ ಅಂಗಡಿಯಿಂದ 3 ಇಂಚಿನ ಪಿವಿಸಿ ಪೈಪ್ ತಂದೆವು. ಪೂಲ್ ಕ್ಯೂನ ಒಂದೊಂದು ತುಂಡು ಸುಮಾರು 29 ಇಂಚು. ಅದಕ್ಕೆ 32 ಇಂಚಿಗೆ ಕತ್ತರಿಸಿದೆವು. ಪಿನ್‌ಗೆ ದಪ್ಪ ಬಟ್ಟೆ ಸುತ್ತಿ, ಎರಡೂ ತುಂಡಿಗೆ ಬೇರೆಬೇರೆಯಾಗಿ ಬಬಲ್ ಹಾಳೆ ಸುತ್ತಿ ಒಳಗಿಟ್ಟು, ಅಲುಗಾಡದಂತೆ ಎರಡು ತುದಿಗೂ ಹತ್ತಿ ತುರುಕಿ ಮುಚ್ಚಳ ಹಾಕಿದೆವು. ಮುಚ್ಚುವ ಮೊದಲು ಹುಡುಗ ಎಲ್ಲದರ ಫೋಟೊ ತೆಗೆದುಕೊಂಡ. ಕೊನೆಯ ಫೋಟೊದಲ್ಲಿ ಶಾಫ್ಟ್ ಮೇಲಿನ ನೀಲಿ ಚಾಕ್ ಗುರುತು ಸ್ಪಷ್ಟವಾಗಿ ಬಂದಿದೆ.